ಬುತ್ತಿ ಹೊತ್ತ ಹತ್ತನೆಯವಳು

ವಾಡಿ

ಗುಲ್ಬರ್ಗಾ ಜಿಲ್ಲೆಗೆ ಹೊರಟಿದ್ದೇನೆ ಎಂದಾಗ ಮೈಸೂರಿನ ನಮ್ಮ ಹಾಸ್ಟೆಲಿನ ಹುಡುಗಿಯರು, "ಪಾಸ್‌ಪೋರ್ಟು ಮಾಡಿಸಿಕೊಂಡೆಯಾ?" ಎಂದು ರೇಗಿಸಿದರು. ನಾನೂ ನಕ್ಕೆ. ನಗಬಾರದಿತ್ತು. ರಾಜ್ಯ ಒಂದಾಗಿ ಹದಿನೆಂಟು ವರ್ಷ ತುಂಬಿತ್ತು. ಹಿಂದಿನ ವರ್ಷವಷ್ಟೇ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಆ ಹೆಸರಿನ ಪರವಾಗಿ ಎರಡು ಕಾಲೇಜುಗಳ ವೇದಿಕೆಯಲ್ಲಿ ಮಾತಾಡಿ ಬೆಳ್ಳಿಯ ಬಟ್ಟಲು ಗೆದ್ದವಳು ನಾನೇ. ಆದರೆ ಅರಸೀಕೆರೆಯಿಂದಾಚೆಯ ಕರ್ನಾಟಕವನ್ನು ಕಣ್ಣಿಂದ ಕಂಡಿರಲಿಲ್ಲ. ಆದ್ದರಿಂದ ಇದನ್ನು ಪರದೇಶದ ಪ್ರವಾಸವೆಂದೇ ಓದಿಕೊಳ್ಳಿ. ಪರದೇಶದವಳು ನಾನು ಎನ್ನುವುದನ್ನು ಮಾತ್ರ ಮರೆಯಬೇಡಿ.

ಕಳಿಸಿದವರು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು. ಒಂದೇ ಕಾನೂನು ಬೇರೆ ಬೇರೆ ಊರಿನ ಸಣ್ಣ ಉದ್ಯಮಗಳ ಮೇಲೆ ಒಂದೇ ಭಾರವಾಗಿ ಬೀಳುತ್ತದೆಯೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಅಚ್ಚು ಹಾಕಿಸಿದ ಪ್ರಶ್ನಾವಳಿಯ ಕಟ್ಟೊಂದನ್ನು ಕೈಗಿಟ್ಟು, "ಕೇಳು, ಬರೆದುಕೋ, ವಾದ ಮಾಡಬೇಡ" ಎಂದಿದ್ದರು. ನಾನು ಉತ್ತರವನ್ನು ಮೈಸೂರಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಕಾನೂನು ಬಡವರ ಗುರಾಣಿ. ಅದರ ಬಗ್ಗೆ ಗೊಣಗುವ ಮಾಲೀಕರೆಲ್ಲ ಕಳ್ಳರು. ವಾರ ಕಳೆದರೆ ಅಂತಿಮ ಚರ್ಚಾಸ್ಪರ್ಧೆ ಇತ್ತು, ವಿಷಯವೂ ಇದೇ. ನನಗೆ ಬೇಕಾಗಿದ್ದದ್ದು ಉದಾಹರಣೆಗಳು.

ವಾಡಿ ಜಂಕ್ಷನ್ನಿನಲ್ಲಿ ಇಳಿಯುವಷ್ಟರಲ್ಲಿ ಪ್ರಶ್ನಾವಳಿಯ ಮೂರು ಹಾಳೆ ಕಡಿಮೆಯಾಗಿದ್ದವು. ಎದುರು ಕುಳಿತಿದ್ದ ಅಜ್ಜಿ ನಾನು ತೂಕಡಿಸುವಾಗ ಅವುಗಳಲ್ಲಿ ಹುರಿದ ಶೇಂಗಾ ಕಟ್ಟಿ ಡಬ್ಬಿಯವರಿಗೆಲ್ಲ ಹಂಚಿದ್ದಳು. ಕೇಳಿದರೆ, "ಖಾಲಿ ಇದ್ದವಲ್ಲ ಯವ್ವಾ" ಎಂದು ನನಗೂ ಒಂದು ಪೊಟ್ಟಣ ಕೊಟ್ಟಳು. ಆ ಖಾಲಿ ಜಾಗ ಉತ್ತರ ಬರೆಯಲು ಬಿಟ್ಟದ್ದು ಎಂದು ನಾನು ಅವಳೊಡನೆ ಇಡೀ ಒಂದು ಸ್ಟೇಷನ್ನಿನ ದೂರ ವಾದಿಸಿದೆ. ಅವಳು ಶೇಂಗಾ ತಿನ್ನುತ್ತ ಕೇಳಿದಳು.

ನನ್ನ ಸೋದರಮಾವ ವಾಡಿಯ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಅವರ ಕ್ವಾರ್ಟರ್ಸೇ ನನ್ನ ಬಿಡಾರ. ವಾಡಿಯಲ್ಲಿ ಎಲ್ಲರೂ ಇನ್ನೊಂದು ಗಾಡಿಗಾಗಿ ಕಾಯುತ್ತಾರೆ. ಕಾಯುವ ಪರಿಚಯದವರೆಲ್ಲ ಮಾವನ ಮನೆಗೆ ಚಹಾಕ್ಕೆ ಬರುತ್ತಾರೆ. ನಮ್ಮಲ್ಲಿ ಕರೆಯದೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವುದುಂಟು. ಇಲ್ಲಿ ಹೆಸರು ಕೇಳುವ ಮೊದಲೇ "ಬರ್ರಿ, ಕುಂದ್ರಿ" ಎನ್ನುತ್ತಾರೆ.

ಚಿತ್ತಾಪುರ, ಸೇಡಂ

ಕಾನೂನು ಸರಳವಾದದ್ದು. ವಿದ್ಯುತ್ ಬಳಸಿ ಹತ್ತು ಜನ ದುಡಿದರೆ ಆ ಜಾಗ ಕಾರ್ಖಾನೆ. ವಿದ್ಯುತ್ ಇಲ್ಲವಾದರೆ ಇಪ್ಪತ್ತು ಜನರಾಗಬೇಕು. ಕಾರ್ಖಾನೆ ಎನಿಸಿಕೊಂಡ ಮೇಲೆ ಲೈಸೆನ್ಸು, ಶೌಚಾಲಯ, ಕುಡಿಯುವ ನೀರು, ದುಡಿಮೆಯ ಗಂಟೆಗೆ ಮಿತಿ, ಎಲ್ಲ ಬೇಕು. ಪ್ರಶ್ನಾವಳಿಯ ನಾಲ್ಕನೆಯ ಪ್ರಶ್ನೆ: ದುಡಿಯುವವರು ಎಷ್ಟು?

ಚಿತ್ತಾಪುರದಲ್ಲಿ ಮೊದಲು ಹೊಕ್ಕ ಬೇಳೆ ಮಿಲ್ಲಿನಲ್ಲಿ ಒಂಬತ್ತು ಎಂದರು. ಎರಡನೆಯದರಲ್ಲೂ ಒಂಬತ್ತು. ಹಿಟ್ಟಿನ ಗಿರಣಿ, ಎಣ್ಣೆ ಗಿರಣಿ ಎರಡನ್ನೂ ಒಟ್ಟಿಗೆ ನಡೆಸುತ್ತಿದ್ದವನೂ ನಾನು ಬಾಯಿ ತೆರೆಯುವ ಮೊದಲೇ "ಒಂಬತ್ತ್ರಿ" ಎಂದ.

ಸೇಡಂನ ಬೇಳೆ ಮಿಲ್ಲಿನ ಸಾವುಕಾರ ಊಟ ಮಾಡದೆ ಮಾತಾಡುವುದಿಲ್ಲ ಎಂದು ಹಟ ಹಿಡಿದ. ಜೋಳದ ರೊಟ್ಟಿ, ಕಣ್ಣಲ್ಲಿ ನೀರು ತರಿಸುವ ಖಾರ. ಮೂಗು ಒರೆಸಿಕೊಳ್ಳುತ್ತಲೇ ನಾನು ಅಂಗಳದ ಜನರನ್ನು ಎಣಿಸಿದೆ. ಹದಿನಾಲ್ಕು.

"ನೀವು ಒಂಬತ್ತು ಅಂದಿರಿ. ಉಳಿದ ಐವರು?"

"ಅವ್ರು ಬೀಗರ್ರಿ."

"ಐವರೂ ಬೀಗರೇ?"

"ನಮ್ಮ ಮನಿ ದೊಡ್ಡದದ ಬಾಯಿ." ಬಾಯಿ ಎಂದರೆ ಆ ಕಡೆ ಅಮ್ಮಾ ಎಂದ ಹಾಗೆ.

"ಬೀಗರು ತೊಗರಿ ಚೀಲ ಹೊರುತ್ತಾರೆಯೇ?"

"ಸುಮ್ಮ ಕುಂತ್ರ ಮೈ ಜಡ ಆಗ್ತದಂತ್ರಿ. ಬ್ಯಾಡಂದ್ರ ಕೇಳಂಗಿಲ್ಲ." ಅವನು ಚೀಲ ಹೊತ್ತವನ ಕಡೆ ತಿರುಗಿ, "ಏನ್ರಿ ಬೀಗರ, ಚಾ ಕುಡೀತೀರೇನು?" ಎಂದ. ಚೀಲದ ಕೆಳಗಿನಿಂದ, "ಬೀಗತನ ಭಾಳ ಭಾರ ಆಗ್ಯದ ಸಾವ್ಕಾರ, ಮೊದಲ ಇಳಸ್ತೀನಿ ತಡೀರಿ" ಎಂದು ಉತ್ತರ ಬಂತು. ಮಿಲ್ಲಿಗೆ ಮಿಲ್ಲೇ ನಕ್ಕಿತು. ನಾನು ನಗಲಿಲ್ಲ. ಕಾರ್ಖಾನೆ ಕಾಯಿದೆಯ ಬಗ್ಗೆ ಅವರಿಗೆ ಸಣ್ಣ ಭಾಷಣವೊಂದನ್ನು ಮಾಡಿ, ಕೈ ತೊಳೆದು ಎದ್ದೆ. ಅನ್ನ ಹಾಕಿದ ಮನೆಯಲ್ಲಿ ಆಡಬಾರದ ಮಾತು ಎಂದು ಆಗ ಅನಿಸಲಿಲ್ಲ.

ಶಹಾಬಾದ

ಶಹಾಬಾದಿನಲ್ಲಿ ಕಲ್ಲನ್ನು ಫರಸಿ ಎನ್ನುತ್ತಾರೆ. ನೆಲಕ್ಕೆ ಫರಸಿ, ಮಾಡಿಗೆ ಫರಸಿ, ಹಿತ್ತಲ ಬೇಲಿಗೂ ನಿಲ್ಲಿಸಿದ ಫರಸಿಯೇ. ನಮ್ಮೂರ ಮನೆಯ ಬಚ್ಚಲಿಗೆ ಹಾಸಿದ್ದೂ ಇದೇ. ಇಪ್ಪತ್ತು ವರ್ಷ ಅದರ ಮೇಲೆ ನಿಂತು ಸ್ನಾನ ಮಾಡಿದ ನನಗೆ ಅದನ್ನು ಉಜ್ಜಿದವರು ಯಾರೋ ಇದ್ದಾರೆಂದು ತೋಚಿರಲಿಲ್ಲ.

ಮಲ್ಲಣ್ಣ ಎಂಬವನ ಪಾಲಿಶ್ ಅಂಗಳ ರಸ್ತೆಗೆ ಹೊಂದಿಕೊಂಡಿತ್ತು. ತಗಡಿನ ಮಾಡು, ಅದರಡಿ ಕರೆಂಟಿನ ಮಷೀನು, ಸುತ್ತ ಹಾಲಿನಂಥ ಕಲ್ಲಿನ ಕೆಸರು. ಹೆಂಗಸರು ನೀರು ಹೊಯ್ಯುತ್ತ, ಅಂಚು ಉಜ್ಜುತ್ತ, ಇಬ್ಬಿಬ್ಬರಾಗಿ ಫರಸಿ ಎತ್ತಿ ನಿಲ್ಲಿಸುತ್ತ ಇದ್ದರು. ಮೊಣಕೈವರೆಗೆ ಎಲ್ಲರೂ ಬೆಳ್ಳಗೆ. ಮಲ್ಲಣ್ಣ ಹಾಜರಿ ಪುಸ್ತಕ ತೆಗೆದು ಒಂಬತ್ತು ಹೆಸರು ತೋರಿಸಿದ. ನಾನು ಎಣಿಸಿದೆ. ಹತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಜೀಪಿನ ಸದ್ದಾಯಿತು. ಒಬ್ಬಳು ಕೈಯ ಕೆಸರನ್ನು ಸೀರೆಗೆ ಒರೆಸಿ, ಬೇವಿನ ಮರದ ಗೂಟಕ್ಕೆ ತೂಗಿದ್ದ ಬುತ್ತಿಗಂಟನ್ನು ತಲೆ ಮೇಲಿಟ್ಟುಕೊಂಡು, ಮನೆಯಿಂದ ಯಾರಿಗೋ ಊಟ ತಂದವಳ ಹಾಗೆ ಗೇಟಿನ ಹತ್ತಿರ ನಿಂತಳು. ಮುಖದಲ್ಲಿ ಎಷ್ಟು ಬೇಕೋ ಅಷ್ಟೇ ಬೇಸರ. ಜೀಪು ಯಾರದೋ, ಮುಂದೆ ಹೋಯಿತು. ಅವಳು ನಗುತ್ತ ಬಂದು ಗಂಟನ್ನು ಮತ್ತೆ ಗೂಟಕ್ಕೆ ಹಾಕಿದಳು. ನಾನು ಮುಟ್ಟಿ ನೋಡಿದೆ. ಒಳಗೆ ಫರಸಿಯ ಚೂರುಗಳು.

"ರೊಟ್ಟಿ ಗಟ್ಟಿ ಆಗ್ಯಾವ ಬಾಯಿ, ಮುರೀಬ್ಯಾಡ್ರಿ," ಎಂದಳು ಅವಳು. ಹೆಸರು ಚಂದಮ್ಮ. ಮೂವತ್ತರ ಆಸುಪಾಸು, ಗಂಡ ಇಲ್ಲ, ಎರಡು ಹೆಣ್ಣುಮಕ್ಕಳು. "ಈ ವಾರ ನನ್ನ ಪಾಳಿ," ಎಂದೂ ಹೇಳಿದಳು. ಏನು ಪಾಳಿ ಎಂದು ಕೇಳಬೇಕಿತ್ತು. ನಾನು ಆ ಹೊತ್ತಿಗೆ ಟಿಪ್ಪಣಿ ಪುಸ್ತಕದಲ್ಲಿ ಭಾಷಣದ ಮೊದಲ ವಾಕ್ಯ ಬರೆಯುತ್ತಿದ್ದೆ.

ಮಧ್ಯಾಹ್ನ ನಿಜವಾದ ಬುತ್ತಿಗಳು ಬಿಚ್ಚಿದವು. ಹತ್ತು ಬುತ್ತಿಯಿಂದಲೂ ನನಗೆ ಒಂದೊಂದು ತುಂಡು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಗೇಟಿನ ಆಚೆ ಚಹಾದಂಗಡಿ ಇಟ್ಟಿದ್ದ ಖಾಜಾಮಿಯಾ ಎಂಬ ಮುದುಕ ಚಹಾ ತಂದು ಕೊಟ್ಟ. ಅವರಲ್ಲಿ ಹಿರಿಯಳಾದ ನಿಂಗಮ್ಮ ನನ್ನನ್ನೇ ಪ್ರಶ್ನೆ ಕೇಳಲು ಕುಳಿತಳು.

"ಲಗ್ನ ಆಗ್ಯದೇನು?"

"ಇಲ್ಲ."

"ಹ್ಯಾಂಗ ಆಗ್ತದ? ಇಷ್ಟು ಪ್ರಶ್ನಿ ಕೇಳಿದ್ರ ಯಾವ ವರ ನಿಂದ್ರತಾನ?"

ನಾನು ಅವರಿಗೆ ಕಾನೂನು ವಿವರಿಸಿದೆ. ಹತ್ತು ಹೆಸರು ಬರೆಸಿ, ಶೌಚಾಲಯ ಬರುತ್ತದೆ, ನೀರು ಬರುತ್ತದೆ, ಗಂಟೆಗೆ ಮಿತಿ ಬರುತ್ತದೆ, ಮಾಲೀಕ ನಿಮಗೆ ಮೋಸ ಮಾಡುತ್ತಿದ್ದಾನೆ. ನಾನು ಚೆನ್ನಾಗಿ ಮಾತಾಡುತ್ತೇನೆ. ಅವರು ಅಗಿಯುವುದನ್ನು ನಿಲ್ಲಿಸಿ ಕೇಳಿದರು.

"ಹತ್ತು ಬರಸಿದ್ರ ಹತ್ತೂ ಮಂದಿ ಉಳೀತೀವೇನು?" ಎಂದಳು ನಿಂಗಮ್ಮ.

"ಉಳಿಯಲೇಬೇಕು," ಎಂದೆ.

ಕಾನೂನಿನಲ್ಲಿ ಆ ಮಾತು ಎಲ್ಲಿಯೂ ಇಲ್ಲ. ನನಗದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದನ್ನು ನಮಗೆ ವೇದಿಕೆಯಲ್ಲಿ ಕಲಿಸಿಯೂ ಇರಲಿಲ್ಲ.

ವಾಡಿಯಲ್ಲಿ ಒಂದು ಸಂಜೆ

ಶಹಾಬಾದಿನಿಂದ ಬಂದ ಸಂಜೆ ಮಾವನ ಮನೆಯಲ್ಲಿ ಅತಿಥಿಯೊಬ್ಬರಿದ್ದರು. ಗಾಡಿ ತಡವಾಗಿ ಚಹಾಕ್ಕೆ ಬಂದವರು. "ಇವರು ಕಾರ್ಖಾನೆಗಳ ತನಿಖಾಧಿಕಾರಿ ಪುಟ್ಟಿ, ನಿನಗೆ ಬೇಕಾದವರು" ಎಂದು ಮಾವ ಪರಿಚಯಿಸಿದರು. ಅವರು ಯಾರೆಂದು ಗೊತ್ತಿರಲಿಲ್ಲ ಎಂದು ನಾನು ಎಲ್ಲಿಯಾದರೂ ಹೇಳಿದರೆ ನಂಬಬೇಡಿ. ಗೊತ್ತಿತ್ತು. ಮಾವ ಹುದ್ದೆ ಸಮೇತ ಹೇಳಿದ್ದರು.

ಅವರು ಮೆದುಮಾತಿನ ಮನುಷ್ಯ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. "ನಮ್ಮ ಕಡೆ ತಕರಾರು ಕಡಿಮಿ ಅದಾವ್ರಿ. ಫರಸಿ ಅಂಗಳ ಎಲ್ಲಾ ಸಣ್ಣವು. ಹತ್ತು ಮಂದಿ ಎಲ್ಲೂ ಇಲ್ಲ," ಎಂದರು.

"ಇಲ್ಲವೋ, ನಿಮಗೆ ಕಾಣುವುದಿಲ್ಲವೋ?" ಎಂದೆ.

"ನೀವು ಓದೋ ಮಂದಿ. ಪುಸ್ತಕದಾಗ ಬ್ಯಾರೆ ಇರ್ತದ."

ಅಷ್ಟೇ ಸಾಕಾಯಿತು. ಎದುರಾಳಿ ನಮ್ಮನ್ನು ಪುಸ್ತಕದ ಹುಳು ಎಂದಾಗ ಕಣ್ಣಾರೆ ಕಂಡದ್ದನ್ನು ಮುಂದಿಡಬೇಕು. ಇದು ಮೊದಲ ಪಾಠ. ನಾನು ಹೆಸರು ಹೇಳಲಿಲ್ಲ, ಆ ಬಗ್ಗೆ ಎಚ್ಚರವಾಗಿದ್ದೆ. ಬೇವಿನ ಮರ ಹೇಳಿದೆ, ಗೂಟ ಹೇಳಿದೆ, ಗೇಟಿನ ಪಕ್ಕದ ಚಹಾದಂಗಡಿ ಹೇಳಿದೆ, ಜೀಪಿನ ಸದ್ದಿಗೆ ತಲೆ ಮೇಲೆ ಏರುವ ಕಲ್ಲಿನ ಬುತ್ತಿಯನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದೆ. ಮಾವ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ನಾನು ನಿಲ್ಲಲಿಲ್ಲ.

ಅಧಿಕಾರಿ ಬಟ್ಟಲು ಕೆಳಗಿಟ್ಟು, "ಗೆದ್ರಿ ನೀವು," ಎಂದರು. ನನಗೆ ನಿಜವಾಗಿಯೂ ಸಂತೋಷವಾಯಿತು.

ಅವರು ಹೋದ ಮೇಲೆ ಮಾವ, "ಕೆಮ್ಮಿದ್ದು ಕೇಳಿಸಲಿಲ್ವಾ?" ಎಂದರು. ಕೇಳಿಸಿತ್ತು. ತಪ್ಪು ಮಾಡಿದವನಿಗೆ ಶಿಕ್ಷೆಯಾದರೆ ನಮಗೇಕೆ ಕೆಮ್ಮು ಎಂದು ಅವರೊಡನೆಯೂ ವಾದಿಸಿ, ಗೆದ್ದು ಮಲಗಿದೆ.

ಚಿಂಚೋಳಿ

ಚಿಂಚೋಳಿಗೆ ಬಸ್ಸಿನಲ್ಲಿ ಹೋಗಬೇಕು. ನನ್ನ ಕಾಲಡಿ ಯಾರದೋ ಎರಡು ಕೋಳಿಗಳಿದ್ದವು. ಆಂಧ್ರದ ಗಡಿ ಹತ್ತಿರವಾದಂತೆ ಬಸ್ಸಿನೊಳಗಿನ ಕನ್ನಡಕ್ಕೆ ತೆಲುಗು ಬೆರೆಯುತ್ತ ಬಂತು. ಕೊನೆಗೆ ಕೋಳಿಯ ಒಡತಿ ನನ್ನನ್ನು ಬೈದದ್ದು ಯಾವ ಭಾಷೆಯಲ್ಲಿ ಎಂದು ತಿಳಿಯಲಿಲ್ಲ. ಬೈದದ್ದು ಮಾತ್ರ ತಿಳಿಯಿತು.

ಅಲ್ಲಿ ಎತ್ತಿನ ಬಂಡಿ ಮಾಡುವ ಒಂದು ಬಡಗಿ ಕೊಟ್ಟಿಗೆಗೆ ಹೋದೆ. ಹನ್ನೆರಡು ಜನ ಬಹಿರಂಗವಾಗಿ ದುಡಿಯುತ್ತಿದ್ದರು. ಎಷ್ಟು ಜನ ಎಂದರೆ ಹಿರಿಯ ಬಡಗಿ ಹೆಮ್ಮೆಯಿಂದ ಹನ್ನೆರಡು ಎಂದ. ಕರೆಂಟಿಲ್ಲ, ಆದ್ದರಿಂದ ಹತ್ತರ ಭಯವಿಲ್ಲ.

"ಕರೆಂಟಿದ್ದರೆ ಹತ್ತು, ಇಲ್ಲದಿದ್ದರೆ ಇಪ್ಪತ್ತು. ಹಾಗಾದರೆ ನಿಮಗೆ ಕಾನೂನಿನ ತೊಂದರೆ ಇಲ್ಲ," ಎಂದೆ.

"ಯಾಕಿಲ್ಲಮ್ಮಾ? ಇಲ್ಲಿ ಮಂದಿ ಎಣಸಂಗಿಲ್ಲ, ಕಟಗಿ ಎಣಸ್ತಾರ." ಗುಡ್ಡದಿಂದ ತರುವ ಒಂದೊಂದು ದಿಮ್ಮಿಗೂ ಅರಣ್ಯದವರ ಪಾಸು ಬೇಕಂತೆ. ಪಾಸು ಬರುವ ತನಕ ಹನ್ನೆರಡು ಜನವೂ ಬೀಡಿ ಸೇದುತ್ತ ಕೂರಬೇಕು. "ಕರೆಂಟ್ ಬಂದ್ರ ಕಟಗಿ ಹೆರೆಯೋ ರ್‍ಯಾಂದಾ ಮಷೀನ್ ಹಾಕಸ್ರಿ ಅಂತಾರ. ಹಾಕಿಸಿದ್ರ ಇವರಾಗ ಮೂವರನ್ನ ಮನೀಗಿ ಕಳಸಬೇಕು. ಬಲ್ಬು ಮನ್ಯಾಗ ಇರಲಿ, ಕೊಟ್ಟಗ್ಯಾಗ ಬ್ಯಾಡ ಅಂದೀನಿ."

"ಮೂವರನ್ನು ಯಾಕೆ ಕಳಿಸಬೇಕು?"

ಅವನು ನನ್ನನ್ನು ಕರುಣೆಯಿಂದ ನೋಡಿದ. "ನೀವೇ ಹೇಳಿದ್ರಲ್ಲಮ್ಮಾ ಈಗ, ಕರೆಂಟಿದ್ರ ಹತ್ತು ಅಂತ."

ವಾಪಸು ಬರುವ ಬಸ್ಸಿನಲ್ಲಿ ನಾನು ಟಿಪ್ಪಣಿ ಪುಸ್ತಕ ತೆಗೆದು ಬರೆದದ್ದನ್ನು ಮತ್ತೆ ಓದಿದೆ. ಕಾನೂನು ಹತ್ತಕ್ಕೆ ಏನು ಕೊಡಬೇಕೆಂದು ಹೇಳುತ್ತದೆ. ಹತ್ತು ಜನರನ್ನು ಇಟ್ಟುಕೋ ಎಂದು ಯಾರಿಗೂ ಹೇಳುವುದಿಲ್ಲ. ನಿಂಗಮ್ಮ ಕೇಳಿದ್ದು ಅದನ್ನೇ.

ಮತ್ತೆ ಶಹಾಬಾದ

ಮಲ್ಲಣ್ಣನ ಪ್ರಶ್ನಾವಳಿಗೆ ಸಹಿ ಹಾಕಿಸುವುದು ಬಾಕಿ ಇತ್ತು. ಅದು ನೆಪ. ಗೇಟಿನಿಂದಲೇ ಎಣಿಸಿದೆ. ಒಂಬತ್ತು. ಬೇವಿನ ಮರದ ಗೂಟ ಖಾಲಿ.

"ಬರ್ರಿ ಬಾಯಿ, ಕುಂದ್ರಿ," ಎಂದಳು ನಿಂಗಮ್ಮ. "ಬರಕೋರಿ. ಒಂಬತ್ತು. ಈಗ ಖರೇನೇ ಒಂಬತ್ತು."

ಅವರೇ ಹೇಳಿದರು. ಮುನ್ನಾದಿನ ಜೀಪು ಬಂತು. ಸದ್ದಾಗದ ಹಾಗೆ ದೂರವೇ ನಿಲ್ಲಿಸಿ ಅಧಿಕಾರಿ ನಡೆದು ಬಂದರು, ಸೀದಾ ಬೇವಿನ ಮರಕ್ಕೆ ಹೋಗಿ ಗಂಟು ಬಿಚ್ಚಿದರು. ಕಾರ್ಖಾನೆ ಎಂದು ಬರೆಸುತ್ತೀಯೋ, ಒಂಬತ್ತಕ್ಕೆ ಇಳಿಸುತ್ತೀಯೋ ಎಂದು ಮಲ್ಲಣ್ಣನನ್ನು ಕೇಳಿದರು. ಅವನು ನಿಂತಲ್ಲೇ ಒಂಬತ್ತಕ್ಕೆ ಸಹಿ ಹಾಕಿದ.

"ಚಂದಮ್ಮನನ್ನು ತೆಗೆದುಹಾಕಿದನೇ?"

"ಅಂವ ಯಾಕ ತಗೀತಾನ? ಒಬ್ರು ಹೋಗ್ರಿ ಅಂದ. ಬುತ್ತಿ ಪಾಳಿ ಅಕೀದಿತ್ತು, ಅಕಿ ಹೋದಳು."

ಪಾಳಿ ಏನೆಂದು ನಾನು ಆಗ ಕೇಳಿದೆ. ಕೈಯಿಂದ ಉಜ್ಜುವ ಕಾಲದಲ್ಲಿ ಅವರು ಹತ್ತು ಜನರಿದ್ದರು, ಯಾವ ತೊಂದರೆಯೂ ಇರಲಿಲ್ಲ. ಕರೆಂಟಿನ ಮಷೀನು ಬಂದ ದಿನ ಮಲ್ಲಣ್ಣ ಒಬ್ಬಳನ್ನು ಬಿಡಿಸುತ್ತೇನೆಂದ. ಚಂದಮ್ಮ ಕೊನೆಗೆ ಸೇರಿದವಳು, ಗಂಡ ಸತ್ತು ಆಗ ತಿಂಗಳೂ ಆಗಿರಲಿಲ್ಲ. ಬಿಡಿಸಬೇಡ, ವಾರಕ್ಕೊಬ್ಬರಂತೆ ನಾವು ಬುತ್ತಿ ತಂದವರಾಗುತ್ತೇವೆ ಎಂದು ಹತ್ತೂ ಜನ ಅವನ ಮುಂದೆ ಕುಳಿತರು. ಗೂಟ ಹೊಡೆದವಳು ನಿಂಗಮ್ಮ. ಹಾಜರಿ ಪುಸ್ತಕದ ಒಂಬತ್ತು ಹೆಸರುಗಳಿಗೆ ಹತ್ತು ಜನ ಪಾಳಿಯ ಮೇಲೆ 'ಹೌದ್ರಿ' ಎನ್ನುತ್ತಿದ್ದರು. ಮಾಲೀಕನ ಮೋಸವೆಂದು ನಾನು ವೇದಿಕೆಗೆ ಒಯ್ಯಲು ಬರೆದಿಟ್ಟುಕೊಂಡದ್ದು ಇದನ್ನು.

"ಜೀಪು ಮುಂದಿನ ವಾರ ಬಂದಿದ್ರ ನನ್ನ ಪಾಳಿ," ಎಂದಳು ಒಬ್ಬಳು, ಫರಸಿಯ ಅಂಚನ್ನು ನೋಡುತ್ತ. ಉಜ್ಜುವುದನ್ನು ಅವಳು ನಿಲ್ಲಿಸಿರಲಿಲ್ಲ.

"ಯಾರು ಹೇಳಿದ್ರೋ," ಎಂದೆ. ನನ್ನ ಬಾಯಿಂದ ಬಂದದ್ದು ಇದು. ಪ್ರಶ್ನೆಯ ಹಾಗೆ ಬಂತು.

"ಅವನೇ," ನಿಂಗಮ್ಮ ಗೇಟಿನ ಕಡೆ ಗದ್ದ ತೋರಿಸಿದಳು. "ಖಾಜಾಮಿಯಾ. ದಿನಾ ಕುಂತು ನೋಡ್ತಿದ್ನಲ್ಲ. ಗಂಟಿನ ಸುದ್ದಿ ಇನ್ಯಾರಿಗೆ ಗೊತ್ತು? ನಿನ್ನಿ ಸಂಜಿಯಿಂದ ಅವನ ಚಾ ಬಿಟ್ಟೀವಿ."

ನಾನು ಅರ್ಧ ಗಂಟೆ ಅಲ್ಲಿ ಕುಳಿತಿದ್ದೆ. ರೊಟ್ಟಿ ಕೊಟ್ಟರು, ತಿಂದೆ. ಮಲ್ಲಣ್ಣ ಸಹಿ ಹಾಕಿದ. ಅಧಿಕಾರಿಗೆ ತಿಳಿಸಿದವಳು ನಾನೇ ಎಂದು ಮಾತ್ರ ಹೇಳಲಿಲ್ಲ. ಎದ್ದು ಹೊರಗೆ ಬಂದರೆ ಖಾಜಾಮಿಯಾ ಒಲೆಯ ಮುಂದೆ ಸುಮ್ಮನೆ ಕೂತಿದ್ದ. ಕುದ್ದು ಕುದ್ದು ಕಪ್ಪಾದ ಚಹಾ.

"ಬಾಯಿ, ನೀವು ಅವರ ಜೋಡಿ ಕುಂತು ಉಂಡೀರಿ. ಜರಾ ಕೇಳ್ರಿ, ನನ್ನ ಚಾ ಯಾಕ ಬಿಟ್ರಂತ. ಸಕ್ಕರಿ ಕಮ್ಮಿ ಆಯ್ತೇನು? ನಾ ಕೇಳಿದ್ರ ಮಾರಿ ತಿರಗಸ್ತಾರ. ನಿಮಗ ಮಾತು ಬರ್ತದ."

ಆಮೇಲೆ ಮಾಡಿದ್ದನ್ನು ಧೈರ್ಯವೆಂದು ಬರೆದುಕೊಳ್ಳಲಾರೆ. ಅವನ ಮುಂದೆ ನಿಲ್ಲಲಾಗದೆ ಒಳಗೆ ಹೋದೆ. ಒಳಗೆ ಹೋದ ಮೇಲೆ ಹೇಳದೆ ಹೊರಗೆ ಬರಲು ದಾರಿಯಿರಲಿಲ್ಲ. ಹೇಳಿದೆ. ಮಾವನ ಮನೆ, ಅಧಿಕಾರಿ, ಎದ್ದು ನಿಂತು ತೋರಿಸಿದ್ದು, ಎಲ್ಲವನ್ನೂ. ನನ್ನ ಜನ್ಮದಲ್ಲಿ ಅಷ್ಟು ಕೆಟ್ಟದಾಗಿ ನಾನು ಎಂದೂ ಮಾತಾಡಿರಲಿಲ್ಲ. ಮಷೀನು ತಿರುಗುತ್ತಿತ್ತು, ಎರಡು ಸಲ ಹೇಳಬೇಕಾಯಿತು.

ಯಾರೂ ಬೈಯಲಿಲ್ಲ. ಒಬ್ಬಳು ನೀರಿನ ಕೊಡ ಎತ್ತಿಕೊಂಡು ಆಚೆ ಹೋದಳು. ನಿಂಗಮ್ಮ ಬಹಳ ಹೊತ್ತು ಕೈಗೆ ಅಂಟಿದ ಕೆಸರನ್ನು ಕೆರೆದುಕೊಂಡಳು.

"ನಮ್ಮ ಮ್ಯಾಲ ಸಿಟ್ಟಿತ್ತೇನು?"

"ಇಲ್ಲ."

"ಸಾವ್ಕಾರನ ಮ್ಯಾಲ?"

"ಇಲ್ಲ."

"ಮತ್ತ?"

ಗೆಲ್ಲಬೇಕಿತ್ತು ಎನ್ನುವುದನ್ನು ಹೇಗೆ ಹೇಳುವುದು?

"ನಮ್ಮ ಮುಂದ ಹೇಳಿ ಏನ್ ಆಗ್ತದ," ಎಂದಳು ಕೊನೆಗೆ. "ನಾವು ಇಲ್ಲೇ ಅದೀವಿ. ಹೋಗಿ ಅಕೀಗಿ ಹೇಳು. ಮಕ್ಕಳನ್ನ ಕರಕೊಂಡು ತವರಮನಿಗಿ ಹೋಗ್ಯಾಳ, ತೆಂಗಳಿಗಿ." ಆ ತನಕ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಈಗ ನೀನು ಎಂದಿದ್ದಳು. ನಂತರ ಗೇಟಿಗೆ ಕೇಳುವ ಹಾಗೆ ಕೂಗಿದಳು: "ಖಾಜಾಮಿಯಾ, ಒಂಬತ್ತು ಚಾ ಹಾಕ್ರಿ."

ಒಂಬತ್ತರಲ್ಲಿ ನನ್ನದು ಇರಲಿಲ್ಲ.

ಕೊನೆಯ ದಿನ

ಮರುದಿನ ಮಧ್ಯಾಹ್ನ ತೆಂಗಳಿ ಕಡೆಗೆ ಬಸ್ಸಿದೆ ಎಂದು ಮಾವ ವಿಚಾರಿಸಿಕೊಂಡು ಬಂದರು. ಹೋಗಿ ರಾತ್ರಿಯೊಳಗೆ ವಾಪಸಾಗುವುದು ಆಗದು, ಒಂದು ದಿನ ಹೆಚ್ಚು ಉಳಿಯಬೇಕು ಎಂದರು. ಉಳಿದರೆ ಚರ್ಚಾಸ್ಪರ್ಧೆ ತಪ್ಪುತ್ತದೆ. ಕಾರಣ ಅದೇ ಎಂದು ಅವರಿಗೆ ಹೇಳಿದೆ. ಅವರು ವಾದಿಸಲಿಲ್ಲ. ಬುತ್ತಿಗೆ ಅವಲಕ್ಕಿ ಕಟ್ಟಿಕೊಟ್ಟರು.

ಸ್ಪರ್ಧೆಗೂ ನಾನು ಹೋಗಲಿಲ್ಲ. ಮೈಸೂರಿಗೆ ಬಂದು ಜ್ವರವೆಂದು ಹೇಳಿ ಮಲಗಿದೆ. ಪ್ರಶ್ನಾವಳಿಗಳನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಬಂದೆ. ಕರೆಂಟಿರುವ ಕಡೆಯೆಲ್ಲ ಒಂಬತ್ತೆಂಬ ಅಂಕಿಯೇ ಇಷ್ಟು ಚೊಕ್ಕವಾಗಿ ಸಿಕ್ಕಿದ್ದು ಹೇಗೆ ಎಂದು ಅವರು ಕೇಳಿದರು. ಉತ್ತರಕ್ಕೆ ಬಿಟ್ಟ ಜಾಗ ಸಣ್ಣದಾಯಿತು ಸಾರ್, ಎಂದೆ. ಇದನ್ನು ಬರೆದಿರುವುದು ಅವರಿಗಾಗಿಯೂ ಹೌದು.

ಆದ್ದರಿಂದ ತೆಂಗಳಿಗೆ ಹೋಗದಿರಲು ಸ್ಪರ್ಧೆ ಕಾರಣವಲ್ಲ. ಚಂದಮ್ಮ ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ; ಬೈದವರಿಗೆ ಉತ್ತರ ಕೊಡುವುದನ್ನು ಹತ್ತು ವರ್ಷದಿಂದ ಅಭ್ಯಾಸ ಮಾಡಿದ್ದೇನೆ. ನನ್ನ ಹೆದರಿಕೆ ಬೇರೆ. ತೆಂಗಳಿಯಲ್ಲಿ ಆ ಮನೆಯನ್ನು ಹುಡುಕಿ ನಾನು ಬಾಗಿಲಿಗೆ ಹೋದರೆ, ಅವಳು ಯಾರು, ಯಾಕೆ ಎಂದು ಕೇಳುವ ಮೊದಲು ಕಂಬಳಿ ಹಾಸಿ, ಮಕ್ಕಳನ್ನು ಪಕ್ಕಕ್ಕೆ ಸರಿಸಿ, "ಬರ್ರಿ ಬಾಯಿ, ಕುಂದ್ರಿ" ಎನ್ನುತ್ತಾಳೆ. ರೊಟ್ಟಿ ತಟ್ಟಲು ಏಳುತ್ತಾಳೆ. ಅದಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ನಾನು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಮೈಸೂರಿನ ಕಡೆ ಮುಖ ಮಾಡಿ ನಿಂತಿದ್ದೆ.